ಬಸ್ಸು ನಿಲ್ಲದ ತಂಗುದಾಣ

ಸಭೆಯ ಅಧ್ಯಕ್ಷರಾದ ಮುರ್ತುಜಸಾಬ ಅವರೇ, ನಾಳೆಯಿಂದ ನಗರಸಭೆಯಲ್ಲಿ ನನ್ನ ಕುರ್ಚಿಯಲ್ಲಿ ಕೂರಲಿರುವ ಎಂಜಿನಿಯರ್ ಸುನೀಲಕುಮಾರ ಅವರೇ, ಊಟ ತಡವಾದರೂ ಎದ್ದು ಹೋಗದೆ ಕುಳಿತಿರುವ ಇಳಕಲ್ಲಿನ ಸಭಿಕರೇ,

ನನ್ನ ಬೀಳ್ಕೊಡುಗೆಯಲ್ಲಿ ಮಾತನಾಡಿದವರೆಲ್ಲ ನಾನು ಕಟ್ಟಿಸಿದ ಗಟಾರು, ರಸ್ತೆಗಳನ್ನೆಲ್ಲ ಹೊಗಳಿದರು. ಗುಡೂರು ರಸ್ತೆಯ ಬಸ್ ತಂಗುದಾಣದ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಅದು ಅವರ ದೊಡ್ಡ ಮನಸ್ಸು. ಅದನ್ನು ಕಟ್ಟಿಸಿದವನೂ ನಾನೇ. ಉದ್ಘಾಟನೆಯಾಗಿ ತಿಂಗಳೊಳಗೆ ಬಸ್ಸಿನ ದಾರಿ ಬದಲಾಯಿತು. ಆಮೇಲಿನ ಹನ್ನೊಂದು ವರ್ಷದಲ್ಲಿ ಅಲ್ಲಿ ಒಂದು ಬಸ್ಸೂ ನಿಂತಿಲ್ಲ. ಆದರೆ ಜನ ಬಂದು ಕೂತರು.

ಬೆಳಿಗ್ಗೆ ಪಿಂಚಣಿದಾರರು ಪೇಪರು ಓದಿದರು. ಮಧ್ಯಾಹ್ನ ನೇಕಾರರ ಮನೆಯ ಹೆಂಗಸರು ನೂಲಿನ ಸಿಕ್ಕು ಬಿಡಿಸಿದರು. ವೇಳಾಪಟ್ಟಿ ತೂಗುಹಾಕಲು ನಾನು ಹಾಕಿಸಿದ ಕೊಂಡಿಗೆ ಸೀರೆ ಕಟ್ಟಿ ಕೂಸು ತೂಗಿದರು. ಇದು ಯಾವ ನಕ್ಷೆಯಲ್ಲಿತ್ತು? ಕೇಳುತ್ತೇನೆ, ಯಾವ ನಕ್ಷೆಯಲ್ಲಿತ್ತು? ಪ್ರಯಾಣಿಕರಲ್ಲದವರು ಕೂರಬಾರದೆಂದು ಫಲಕ ನೆಡಿಸಿದೆ. ಅಲ್ಲಿ ಕೂರುವ ಹೆಂಗಸರಿಗೆಲ್ಲ ಹಿರಿಯರಾದ ರಂಗವ್ವನವರು ಅದನ್ನು ಕಿತ್ತು ಮಲಗಿಸಿ, ಅದರ ಮೇಲೆ ಶಾವಿಗೆ ಒಣಹಾಕಿದರು.

ಹೋದ ತಿಂಗಳು ಅವರನ್ನು ಎಬ್ಬಿಸಲು ಸಿಬ್ಬಂದಿಯೊಡನೆ ಖುದ್ದಾಗಿ ಹೋದೆ. ನನಗೆ ಬೆನ್ನು ಮಾಡಿ ಕೂತಿದ್ದವರೊಬ್ಬರಿಗೆ, ‘ಯವ್ವಾ, ಏಳ್ರಿ. ನಿಮಗ ಮನಿ ಇಲ್ಲೇನು?’ ಎಂದೆ. ಅವರು ತಿರುಗಿದರು. ನನ್ನ ಹೆಂಡತಿ ಶಿವಗಂಗಾ.

‘ಮನಿ ಐತ್ರಿ. ಮನ್ಯಾಗ ಮಾತಾಡಾವ್ರಿಲ್ಲ’ ಎಂದಳು.

ಸಿಬ್ಬಂದಿ ಅಂದು ನಗಲಿಲ್ಲ, ರಜೆ ಮಂಜೂರು ಮಾಡುವವನು ನಾನಾಗಿದ್ದೆ. ಇಂದು ನಗಬಹುದು. ಅದೇ ಸಿಟ್ಟಿನಲ್ಲಿ ಕಚೇರಿಗೆ ಬಂದು, ತಂಗುದಾಣಕ್ಕೆ ಕಬ್ಬಿಣದ ಜಾಲರಿ ಹಾಕಿ ಬೀಗ ಜಡಿಯುವ ಆದೇಶಕ್ಕೆ ಸಹಿ ಮಾಡಿದೆ. ಬರುವ ಸೋಮವಾರ ಕೆಲಸ ಶುರು.

ಸಿಟ್ಟು ಇಳಿದ ಮೇಲೆ ಯೋಚಿಸಿದೆ. ಮೂವತ್ತು ವರ್ಷ ಮನೆಯಲ್ಲಿ ನಾನು ಆಡಿದ್ದು ಎರಡೇ ಮಾತು: ‘ಊಟಕ್ಕ ನೀಡು’, ‘ದೀಪಾ ಆರಿಸು’. ನನಗೆ ಬಹಳ ನಾಚಿಕೆಯಾಯಿತು. ನಿನ್ನೆ ಹಿಂಜರಿಯುತ್ತಲೇ, ‘ರಿಟೈರ್ ಆದ ಮ್ಯಾಲ ನಾನೂ ಅಲ್ಲಿಗೆ ಬರ್ಲೇನು?’ ಎಂದು ಕೇಳಿದೆ. ಅವಳು ತಲೆ ಎತ್ತದೆ, ‘ರಂಗವ್ವನ್ನ ಕೇಳ್ಬೇಕ್ರಿ. ಅರ್ಜಿ ಕೊಡ್ರಿ, ನೋಡೋಣು’ ಎಂದಳು. ನಾನು ಊರಿಗೆಲ್ಲ ಹೇಳುತ್ತಿದ್ದ ಮಾತು ನನ್ನ ಮನೆಗೇ ಬಂದಿತ್ತು.

ಹಿಂದಿನ ಸಾಲಿನಲ್ಲಿ ಕುಳಿತಿರುವ ರಂಗವ್ವನವರೇ, ಇದನ್ನೇ ನನ್ನ ಅರ್ಜಿ ಎಂದು ತಿಳಿಯಿರಿ. ಸುನೀಲಕುಮಾರ ಅವರೇ, ನನ್ನ ಸಹಿಗೆ ಇನ್ನು ಬೆಲೆಯಿಲ್ಲ; ಸಾರ್ವಜನಿಕ ಹಿತದೃಷ್ಟಿಯಿಂದ ಎಂದು ಬರೆದು ನಾನು ಸಹಿ ಮಾಡಿದ ಆ ಆದೇಶವನ್ನು ದಯವಿಟ್ಟು ರದ್ದು ಮಾಡಿ. ಕಾರಣದ ಜಾಗದಲ್ಲಿ, ನಿವೃತ್ತ ಎಂಜಿನಿಯರನೊಬ್ಬನಿಗೆ ಹೆಂಡತಿಯ ಪಕ್ಕ ಕೂರಲು ಊರಲ್ಲಿ ಬೇರೆ ಜಾಗವಿಲ್ಲ ಎಂದು ಬರೆಯಿರಿ.

ಹಾರ ಹಾಕಿದವರಿಗೆ, ಇಷ್ಟು ಹೊತ್ತು ಸಹಿಸಿದವರಿಗೆ ನಾನು ಋಣಿ. ಅರ್ಜಿ ಮಂಜೂರಾದರೆ ನೀವು ಹೊದಿಸಿದ ಈ ಶಾಲನ್ನು ಅಲ್ಲಿಯ ಕಲ್ಲುಹಾಸಿನ ಮೇಲೆ ಹಾಸಿಕೊಳ್ಳುತ್ತೇನೆ. ಇಬ್ಬರಿಗೂ ಸಾಕಾಗುತ್ತದೆ. ಶರಣು, ನಮಸ್ಕಾರ.