ಕತ್ತಿಗಿಡದ ಸುಳಿ

...ಅಲ್ಲವ್ವ ಸಾವಂತ್ರಿ, ಬ್ಯಾಗು ಕೆಳಗಿಡು ಅಂತ ಆಗಲಿಂದ ಹೇಳ್ತಾ ಇದೀನಿ. ಹೊನ್ನಾಳಿಯಿಂದ ಬಸ್ಸಿನಾಗೆ ನಿಂತ್ಕೊಂಡೇ ಬಂದೆ ಅಂತೀಯ, ತೌರುಮನೆಗೆ ಬಂದೂ ನಿಂತೇ ಇದ್ದೀಯಲ್ಲ. ಕೂತ್ಕೋ. ಕಾಫಿ ಆರಿ ತಣ್ಣಗಾತು. ಸರಿ, ಕುಡೀಬ್ಯಾಡ, ಬಿಡು. ಆ ಪೇಪರ್ ಪೊಟ್ಣ ಕೊಡು ಇತ್ಲಾಗೆ, ನೀರು ಸೋರ್ತಾ ಐತೆ. ಏನದು... ಅಯ್ಯೋ ಶಿವನೇ. ಇದು ನಮ್ಮ ಕತ್ತಿಗಿಡ ಅಲ್ಲೇನವ್ವ? ನಿನ್ನ ಮದುವೇಲಿ ಮೀನಿನ ಗಾಜಿನ ತೊಟ್ಟಿ ಸಮೇತ ಕೊಟ್ಟಿದ್ನಲ್ಲ, ಅದೇನಾ?

ಹೆಂಗಿತ್ತು, ಹೆಂಗಾತು.

ಇದರ ತಾಯಿಗಿಡ ನೋಡು ಅಲ್ಲಿ, ನನ್ನ ತೊಟ್ಟಿಯಾಗೆ. ಈ ಗಾಜಿನಿಂದ ಆ ಗಾಜಿಗೆ ಮುಟ್ಟೈತೆ. ಒಂದೊಂದು ಎಲೆ ಮೊಳದುದ್ದ, ಕತ್ತಿ ನಿಲ್ಲಿಸಿದಂಗೆ. ಎಪ್ಪತ್ತೆಂಟರಾಗೆ ಬೊಂಬಾಯಿ ಸೇಟು ನಮ್ಮ ಮಂಡಿಗೆ ಅಡಿಕೆ ನೋಡಾಕೆ ಬಂದೋನು ಒದ್ದೆ ಬಟ್ಟೆಯಾಗೆ ಸುತ್ಕೊಂಡು ತಂದಿದ್ದ. ಆಗ ಇದ್ದದ್ದೇ ಮೂರು ಎಲೆ. ಚನ್ನಗಿರಿ ಊರೇ ನಕ್ಕಿತು ನನ್ನ ನೋಡಿ. ಮಲ್ಲಿಕಾರ್ಜುನಪ್ಪ ತೋಟ ಸಾಲದು ಅಂತ ನೀರಾಗೂ ಬೇಸಾಯ ಶುರು ಮಾಡ್ಯಾನೆ ಅಂತ. ಆಮೇಲೆ ನಕ್ಕೋರೇ ಮಕ್ಕಳ ಕೈ ಹಿಡ್ಕೊಂಡು ನೋಡಾಕೆ ಬಂದರು. ನೀನಾಗ ಹೈಸ್ಕೂಲು. ನಲ್ಲಿ ನೀರು ಹಂಗೇ ಹುಯ್ಯಬಾರದು, ಡ್ರಮ್ಮಿನಾಗೆ ಇಟ್ಟು ಹದ ಮಾಡ್ಬೇಕು ಅಂತ ನಾನು ನಿಂಗೆ ಹೇಳಿದ್ದು ಒಂದೇ ಸಲ. ಹಳದಿ ಎಲೆ ಬಂದರೆ ಬುಡಕ್ಕೆ ಕತ್ತರಿ ಹಾಕಿ ತೆಗೆಯೋಳು ನೀನೇ. ನಿನ್ನ ಕೈ ತೊಟ್ಟಿಗೆ ಇಳಿದರೆ ಮೀನೂ ಬೆದರ್ತಿರಲಿಲ್ಲ.

ನಿನ್ನ ಮದುವೆ ವರ್ಷ ಉದ್ದಕ್ಕೊಂದು ದಂಟು ಬಿಡ್ತು ನೋಡು, ನೆಪ್ಪೈತಾ? ದಂಟಿನ ಗಂಟಿಗೆ ಒಂದು ಮರಿ. ನಾನು ಕೀಳ್ತೀನಿ ಅಂದರೆ ನೀನೇ ಬ್ಯಾಡ ಅಂದೆ. ಬೇರು ಚೆನ್ನಾಗಿ ಬಿಡೋವರೆಗೂ ತಾಯಿಯಿಂದ ಬೇರೆ ಮಾಡಬಾರದು ಅಪ್ಪಾಜಿ ಅಂತ ನಂಗೇ ಪಾಠ ಹೇಳಿದೆ.

ಯಾಕೆ ನಗ್ತೀಯ? ನಗೋ ಅಂಥದ್ದೇನು ಹೇಳಿದೆ ನಾನು?

ಇರಲಿ. ಕನ್ನಡಕ ಎಲ್ಲಿಟ್ನೋ... ಹಾಂ. ನೋಡು, ಎಲೆ ಕರಗೈತೆ. ಅದಕ್ಕೆಲ್ಲ ಹೆದರಬಾರದು. ಒಂದು ನೀರಿನಿಂದ ಇನ್ನೊಂದು ನೀರಿಗೆ ಹೋದಾಗ ಈ ಗಿಡ ಹಳೇ ಎಲೆ ಕರಗಿಸಿಕೊಳ್ಳುತ್ತೆ, ಆಮೇಲೆ ಹೊಸಾದು ಬಿಡುತ್ತೆ. ತಾಳ್ಮೆ ಬೇಕು ಅಷ್ಟೆ. ಮನುಷ್ಯರೂ ಹಂಗೇ ಅಲ್ಲೇನವ್ವ. ಹೊಸ ಮನೆ, ಹೊಸ ಜನ. ಮೂರು ವರ್ಷಕ್ಕೂ ಒಂದು ಕೂಸು ಆಗಿಲ್ಲ ಅಂದ್ರೆ ಅತ್ತೆ ಅನ್ನೋಳು ನಾಲ್ಕು ಮಾತು ಆಡೇ ಆಡ್ತಾಳೆ, ಅದನ್ನ ಮನಸ್ಸಿಗೆ ಹಚ್ಕೊಂಡರೆ... ಸರಿ. ಸರಿ, ಆ ಮಾತು ಬಿಟ್ಟೆ. ಹಂಗೆ ನೋಡಬ್ಯಾಡ ನನ್ನ.

ಎಲೆ ಹೋಗಲಿ, ಈ ಸುಳಿ ನೋಡು. ಕರ್ರಗಾಗೈತೆ. ಬೆರಳು ಇಟ್ಟರೆ ಮೆತ್ತಗೆ ಒಳಗೆ ಹೋಗುತ್ತೆ. ಇದನ್ನ ಹೂತಿದಾರೆ. ಬುಡದ ಮ್ಯಾಲೆ ಕೆಮ್ಮಣ್ಣು ಏರಿಸಿದಾರೆ, ಅಡಿಕೆಗೆ ಏರಿಸ್ತೀವಲ್ಲ ಹಂಗೆ. ಥೂ, ನಮ್ಮ ತೋಟದ ಜನದ ಕೈ ಸುಮ್ಮನಿರಲ್ಲ. ಏನು ಸೊರಗಿದರೂ ಮೊದಲು ಬುಡಕ್ಕೆ ಮಣ್ಣು. ಅಡಿಕೆಗೆ ಒಳ್ಳೇದೇ, ಇದಕ್ಕೆ ಉಸಿರು ಕಟ್ಟುತ್ತೆ. ಬೇರು ಮರಳಿನ ಒಳಗೆ, ಸುಳಿ ಮರಳಿನ ಮ್ಯಾಲೆ. ಇಷ್ಟೇ ಇದರ ವಿದ್ಯೆ.

ಯಾರು ಮಾಡಿದ್ದು ಇದನ್ನ? ನಿಮ್ಮತ್ತೆ ಕರಿಬಸಮ್ಮನೇ ಇರಬೇಕು. ಅಲ್ವಾ? ಮತ್ತೆ ಅಳಿಯಂದಿರಾ? ಅವರೂ ಅಲ್ವಾ? ತಲೆ ಅಲ್ಲಾಡಿಸಿದರೆ ಹೆಂಗೆ, ಬಾಯಿ ಬಿಟ್ಟು ಹೇಳು. ನೀನಾ? ನೀನು ಅಂಥ ಕೆಲಸ ಮಾಡೋಳಲ್ಲ. ಯಾರೋ ಹೇಳಿರಬೇಕು ನಿಂಗೆ, ಮಣ್ಣು ಏರಿಸು ಅಂತ. ಯಾರು ಹೇ...

ಹೋಗ್ಲಿ ಬಿಡು. ಯಾರಾದರೇನೀಗ.

ಮೆಲ್ಲಗೆ ಮಾತಾಡೋಣ, ನಿಮ್ಮವ್ವ ಒಳಗೆ ರೊಟ್ಟಿ ಬಡೀತಾಳೆ. ನೀನು ಬಂದದ್ದಕ್ಕೆ ಕುಣಿದಾಡ್ತಾಳೆ ಪಾಪ. ಪಂಚಮಿಗೆ ನಿನ್ನ ಕರೆಯಾಕೆ ಹೋದೋನು ನಾನು ಒಬ್ಬನೇ ವಾಪಸ್ ಬಂದ್ನಲ್ಲ, ಅವತ್ತಿಡೀ ದಿನ ಉಂಡಿರಲಿಲ್ಲ ಶಿವಗಂಗಾ. ನಾನೇ ಸಮಾಧಾನ ಮಾಡಿದೆ. ಮಗಳು ಸುಖವಾಗವ್ಳೆ, ತೊಟ್ಟಿ ತುಂಬ ಎಲೆ, ಮನೆ ತುಂಬ ಕೆಲಸ, ಅದಕ್ಕೇ ಕಳಿಸಲಿಲ್ಲ ಅಂದೆ. ಏನು ತಪ್ಪು? ಕೆಲಸ ಜಾಸ್ತಿ ಅಂತ ನಿಮ್ಮತ್ತೇನೇ ಅಂದಿದ್ದು. ನೀನೂ ಅವಳ ಮುಂದೆ ಬ್ಯಾರೆ ಏನೂ ಹೇಳಬ್ಯಾಡ. ಗಿಡ ತೋರಿಸಾಕೆ ಬಂದೆ ಅನ್ನು, ಊಟ ಮಾಡು, ನಾಲ್ಕು ಗಂಟೆ ಬಸ್ಸಿಗೆ... ಇವತ್ತೇ ಹೊರಟರೆ ಒಳ್ಳೇದಲ್ವಾ?

ಯಾಕೆ ಅಂದ್ರೆ, ನೋಡವ್ವ, ಕಸ್ತೂರಿನ ನೋಡಾಕೆ ಬಸವಾಪಟ್ಟಣದೋರು ಸೋಮವಾರ ಬರ್ತಾರೆ. ಒಳ್ಳೇ ಮನೆತನ. ಅಕ್ಕ ಗಂಡನ ಮನೆ ಬಿಟ್ಟು ಬಂದವ್ಳಂತೆ ಅಂತ ಒಂದು ಮಾತು ಮಂಡಿಯಾಗೆ ಹೊಕ್ಕರೆ ಸಾಕು, ಅವರು ಬಸ್ಸೇ ಹತ್ತಲ್ಲ. ನಿನ್ನ ತಂಗಿ ಬಾಳು ಕಣವ್ವ. ಮದುವೆ ಒಂದು ಮುಗೀಲಿ, ಆಮೇಲೆ ನಾನೇ ಬಂದು ಕರಿಬಸಮ್ಮನ ಹತ್ರ ಮಾತಾಡ್ತೀನಿ. ಬಂದೇ ಬರ್ತೀನಿ. ನಿನ್ನ ಕಾಲಿಗೆ ಬೇಕಾದರೆ ಬೀಳ್ತೀನಿ ಈಗ. ಸೋಮವಾರ ಒಂದು ದಾಟಲಿ.

ಏನಾದರೂ ಅನ್ನವ್ವ. ಆಯ್ತು ಅನ್ನು. ಆಗಲ್ಲ ಅಂತನಾದರೂ ಅನ್ನು.

ಇರು, ಗಿಡಕ್ಕೊಂದು ವ್ಯವಸ್ಥೆ ಮಾಡ್ತೀನಿ, ಬಂದೆ... ಹಾಂ, ನೋಡು. ಕೊಳೆತದ್ದೆಲ್ಲ ಕೆರೆದು ತೆಗೆದೀನಿ. ಒಳಗೆ ಒಂಚೂರು ಹಸಿರು ಐತೆ ಇನ್ನೂ, ಉಗುರಿನಷ್ಟು. ಬದುಕುತ್ತೆ ಇದು. ಬಕೆಟ್ಟಿಗೆ ತೊಳೆದ ಮರಳು ಹಾಕಿ, ನನ್ನ ತೊಟ್ಟಿ ನೀರೇ ಹುಯ್ದು ನೆಟ್ಟೀನಿ, ಸುಳಿ ಮ್ಯಾಲಕ್ಕೆ ಬಿಟ್ಟು. ಬಸ್ಸಿನಾಗೆ ಕಾಲ ಸಂದಿ ಇಟ್ಕೊಂಡರೆ ಅಲ್ಲಾಡಲ್ಲ. ಕಂಡಕ್ಟರ್ ಜಯಪ್ಪಂಗೆ ಹೇಳಿ ಸೀಟು ಕೊಡಿಸ್ತೀನಿ. ತಗೋ, ಹಿಡ್ಕೋ.

ಹಿಡ್ಕೋ ಅಂದೆ. ಯಾಕೆ ಕೈ ಹಿಂದಕ್ಕೆ ಎಳ್ಕೊಂಡೆ?

ಬಕೆಟ್ಟನ್ನ ಯಾಕೆ ಹಂಗೆ ನೋಡ್ತೀಯ ಸಾವಂತ್ರಿ? ನಮ್ಮ ಬಚ್ಚಲ ಬಕೆಟ್ಟು, ಅಷ್ಟೇ. ಮನೆಗೆ ಹೋಗಿ ತೆಗೆದು ತೊಟ್ಟಿಗೆ ಹಾಕ್ಕೊಂಡರೆ ಆತು. ತೊಟ್ಟಿ ಐತಲ್ಲ ಅಲ್ಲಿ, ನಾನೇ ಪಂಚಮಿಗೆ ಬಂದಾಗ ನೋಡ...

ನೋಡಬ್ಯಾಡ ನನ್ನ ಹಂಗೆ.

ಹೂಂ. ತೊಟ್ಟಿ ಇರಲಿಲ್ಲ. ಪಡಸಾಲೆಯಾಗೆ ತೊಟ್ಟಿ ಇದ್ದ ಜಾಗದಾಗೆ ಅಡಿಕೆ ಚೀಲ ಒಟ್ಟಿತ್ತು. ಕೇಳಿದ್ದಕ್ಕೆ ನಿಮ್ಮತ್ತೆ, ನಿಮ್ಮ ಗಿಡ ಹಿಂದೈತೆ, ಹೋಗಿ ನೋಡ್ಕಳ್ರಿ ಅಂದ್ಲು. ಬಂದೆ. ಬಚ್ಚಲ ಒಲೆ ಪಕ್ಕ ಬಕೆಟ್ಟು. ಬಕೆಟ್ಟಿನಾಗೆ ಗಿಡ. ಅದರ ಪಕ್ಕ ಚಾಪೆ ಸುತ್ತಿಟ್ಟಿತ್ತು. ಚಾಪೆ ಪಕ್ಕ ಟ್ರಂಕು. ದಾವಣಗೆರೆಯಾಗೆ ನಾನೇ ತಂದ ಟ್ರಂಕು, ಮ್ಯಾಲೆ ನಿನ್ನ ಹೆಸರು ಬರೆಸಿದ್ದೆ ಬಿಳೀ ಬಣ್ಣದಾಗೆ. ಬಚ್ಚಲಮನೆಯಾಗೆ ಟ್ರಂಕು ಯಾಕೆ ಇಡ್ತಾರೆ ಅಂತ ಕೇಳೋ ಅಷ್ಟು ದಡ್ಡನಲ್ಲ ನಾನು. ಹೊಗೆಗೆ ನಿನ್ನ ಕಣ್ಣು ಕೆಂಪಗಿತ್ತು. ಅಪ್ಪಾಜಿ ಅಂದೆ ನೀನು. ಒಂದೇ ಸಲ ಅಂದೆ.

ನಾನು ಬಗ್ಗಿ ಗಿಡ ನೋಡಿದೆ. ನಿನ್ನ ಮುಖ ನೋಡಿದ್ದರೆ ಕರ್ಕೊಂಡು ಬರಬೇಕಾಗ್ತಿತ್ತು, ಅದಕ್ಕೆ ಗಿಡ ನೋಡಿದೆ. ಬುಡಕ್ಕೆ ಒಂದಿಷ್ಟು ಮಣ್ಣು ಏರಿಸವ್ವ, ಎಲ್ಲಾ ಸರಿಹೋಗುತ್ತೆ ಅಂದೆ. ತೋಟದ ಆಳಿಗೆ ಹೇಳೋ ಮಾತು, ಅದೇ ಬಂತು ಬಾಯಿಗೆ. ಬಾಗಿಲು ದಾಟೋ ಹೊತ್ತಿಗೇ ಗೊತ್ತಾತು ತಪ್ಪು ಹೇಳಿದೆ ಅಂತ. ತಿರುಗಿ ಬಂದರೆ ಮತ್ತೆ ಆ ಟ್ರಂಕು ನೋಡಬೇಕಲ್ಲ... ಬಸ್ಸು ಹತ್ತಿದೆ.

ನಿಂಗೂ ಗೊತ್ತಿತ್ತಲ್ಲವ್ವ, ಸುಳಿ ಮುಚ್ಚಬಾರದು ಅಂತ. ನನಗಿಂತ ಚೆನ್ನಾಗಿ ಗೊತ್ತಿತ್ತು. ಅಪ್ಪಾಜಿ ಹೇಳಿದಾರೆ ಅಂತ ಏರಿಸಿದೆಯಾ?

ಹಾರನ್ನು. ಬಂತು ಕಣೆ ಬಸ್ಸು. ಬರಲಿ, ಹೋಗಲಿ ಅದು. ಏ, ಬಕೆಟ್ಟು ಯಾಕೆ ಎತ್ಕೊಂಡೆ? ಈಗ ಯಾಕೆ ಎತ್ಕೊಂಡೆ? ನಾನು ಹೋಗು ಅಂದಿದ್ದು ಆಗ, ಈಗಲ್ಲ. ಬಾಗಿಲ ಕಡೆ ಹೋಗಬ್ಯಾಡ. ಸೋಮವಾರ ಹಾಳಾಗಲಿ, ಬಸವಾಪಟ್ಟಣದೋರು ಬಂದರೆ ನಾನೇ ಹೇಳ್ತೀನಿ ನನ್ನ ದೊಡ್ಡ ಮಗಳು ಮನೆಯಾಗವ್ಳೆ ಅಂತ. ಶಿವಗಂಗಾ! ರೊಟ್ಟಿ ಬಿಟ್ಟು ಬಾರೆ ಈಚೆಗೆ, ಇವಳನ್ನ ಹಿಡ್ಕೊಳ್ಳೆ.

ಇಕಾ, ಬಕೆಟ್ಟಿನ ಹಿಡಿ ನಾನೂ ಹಿಡ್ಕೊಂಡೀನಿ. ಬಿಡಲ್ಲ. ಎಳೀಬ್ಯಾಡವ್ವ, ನೀರು ಚೆಲ್ತಾ ಐತೆ... ಸಾವಂತ್ರಿ, ಕೆಳಗಿಡು.