ಗಂಟಲು ಕೆಂಪಿಲ್ಲದ ಹಕ್ಕಿ

ಯಡಿಯೂರು ಕೆರೆಯ ಸ್ಟಾಪಿನಲ್ಲಿ ಬಿ.ಟಿ.ಎಸ್. ಬಸ್ಸಿಗೆ ಕಾಯುತ್ತಿದ್ದ ಪಾರ್ವತಮ್ಮನಿಗೆ ಪಕ್ಕದವರ ಮಾತು ಕೇಳುವ ಮನಸ್ಸೇನೂ ಇರಲಿಲ್ಲ. ಕಿವಿಯೇ ತಾನಾಗಿ ಅತ್ತ ಹೋಯಿತು. ಕೊರಳಿಗೆ ದುರ್ಬೀನು ಹಾಕಿಕೊಂಡ ಮುದುಕರೊಬ್ಬರು, ಜೊತೆಗೆ ಅವರ ಭಾವಮೈದುನ.

"ಹಕ್ಕಿ ಏನಾದ್ರೂ ಸಿಕ್ತಾ ಭಾವ?"

"ಇದೇ ಹೊಂಗೆ ಮರದಲ್ಲಿ ಒಂದು ನೊಣಹಿಡುಕ ಸಿಕ್ತು. ಗಂಟಲು ಕೆಂಪಿರ್ಲಿಲ್ಲ."

"ಹಂಗಾದ್ರೆ ಕಂದು ನೊಣಹಿಡುಕ, ಅಷ್ಟೇ."

"ಕೆಂಗೊರಳಿನ ಜಾತೀಲಿ ಹೆಣ್ಣಿಗೂ ಕೆಂಪಿರಲ್ಲ ಕಣೋ. ದೂರದಿಂದ ಎರಡೂ ಒಂದೇ ಥರ. ಕೂಗಿದ್ರೆ ಗೊತ್ತಾಗೋದು."

"ಕೂಗ್ಲಿಲ್ವಾ?"

"ಕೊಕ್ಕು ಆಡ್ತಿತ್ತು. ಸಣ್ಣ ದನಿ ನನ್ನ ಕಿವಿಗೆ ಬಿದ್ದು ಎಷ್ಟು ವರ್ಷ ಆಯ್ತೋ. ನೋಡೋದು ನಾನು, ಕೇಳೋದು ನಿಮ್ಮಕ್ಕ. ಹಂಗೇ ತಾನೆ ನಡ್ಕೊಂಡು ಬಂದಿದ್ದು."

ಭಾವಮೈದುನ ತಲೆಯೆತ್ತಿ ಹೊಂಗೆ ಮರದತ್ತ ನೋಡಿದ.

"ಅಕ್ಕ ಏನಂತ ಗುರುತು ಹೇಳ್ತಿದ್ಲು?"

"ಕೆಂಗೊರಳಿಂದು ಗಡಿಯಾರಕ್ಕೆ ಕೀ ಕೊಟ್ಟಂಗೆ ಅನ್ನೋಳು. ಇವತ್ತೂ ದುರ್ಬೀನಿಂದ ಕಣ್ಣು ತೆಗೀದೇನೇ 'ಯಾವ್ದೇ ಇದು' ಅಂತ ಕೇಳ್ಬಿಟ್ಟೆ. ಆಮೇಲೆ ನೆನಪಾಯ್ತು, ಅವಳಿಲ್ಲ ಅಂತ."

"ನಾಳೆಯಿಂದ ನಾನು ಬರ್ತೀನಿ ಭಾವ."

"ನಿನ್ನ ಕಿವಿಗೆ ಕಾಗೇನೂ ಒಂದೇ, ಕೋಗಿಲೇನೂ ಒಂದೇ. ನೀನು ಮಲಕ್ಕೋ."

ಬನಶಂಕರಿ ಬಸ್ಸು ಬಂತು. ಇಬ್ಬರೂ ಹತ್ತಿದರು. ಪಾರ್ವತಮ್ಮ ಹೋಗಬೇಕಾದದ್ದು ಮಡಿವಾಳಕ್ಕೆ, ಅವಳು ನಿಂತೇ ಇದ್ದಳು.

ಬಸ್ಸಿನ ಹೊಗೆ ಕರಗಿ ರಸ್ತೆ ತಣ್ಣಗಾದ ಮೇಲೆ, ತಲೆಯ ಮೇಲಿನ ಹೊಂಗೆ ಮರದಲ್ಲಿ ಯಾರೋ ಗಡಿಯಾರಕ್ಕೆ ಕೀ ಕೊಟ್ಟಂತಾಯಿತು. ಅವಳು ಥಟ್ಟನೆ ರಸ್ತೆಗಿಳಿದು ಕೈ ಎತ್ತಿದಳು. ಬಸ್ಸು ಆಗಲೇ ತಿರುವು ದಾಟಿತ್ತು.