ಒಂಬತ್ತನೇ ಬಟ್ಟಲು

ನಾನು ಮಾಡಿದ ಶವಪೆಟ್ಟಿಗೆಯಿಂದ ಇವತ್ತಿನವರೆಗೆ ಒಬ್ಬರೂ ಎದ್ದು ಬಂದು ದೂರು ಹೇಳಿಲ್ಲ. ನಾನೂರು ಪೆಟ್ಟಿಗೆ. ನಾನೂರಕ್ಕೂ ಜಾಸ್ತಿಯೇ ಇರಬೇಕು, ಆಮೇಲೆ ಲೆಕ್ಕ ಬಿಟ್ಟೆ. ಮೇ ಖ್ಲೋಂಗ್ ಹೊಳೆಯ ಎರಡೂ ದಡದಲ್ಲಿ ಇನ್ನೊಬ್ಬ ಬಡಗಿ ಹೀಗೆ ಎದೆ ತಟ್ಟಿ ಹೇಳಲಿ ನೋಡೋಣ. ಅನುಮಾನ ಇದ್ದವರು ಹೋಗಿ ಒಳಗೆ ಮಲಗಿದವರನ್ನೇ ಕೇಳಬಹುದು.

ನಗಬೇಡಿ. ಈಗ ಹೇಳುವುದು ನಗುವ ಮಾತಲ್ಲ. ಈ ನೂಡಲ್ಸ್ ಗಾಡಿಗೆ ಕರೆಂಟು ಬರುವಷ್ಟರಲ್ಲಿ ಮುಗಿಸುತ್ತೇನೆ. ನನ್ನ ಚಿಕ್ಕಮ್ಮನ ಮಗಳು ಲಮೈಗೆ ಆದದ್ದು ಇದು. ಊರಿಗೆಲ್ಲ ಗೊತ್ತಿರುವುದು ಅರ್ಧ. ಇನ್ನರ್ಧವನ್ನು ಅವಳು ನನ್ನೊಬ್ಬನಿಗೇ ಹೇಳಿದ್ದಾಳೆ.

ಅವತ್ತು ರಾತ್ರಿ ಒಂಬತ್ತು ದಾಟಿತ್ತು. ಲಮೈ ವಿಹಾರದ ಹಿಂದಿನಿಂದ ಮನೆಗೆ ಹೊರಟಿದ್ದಳು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಖಾಲಿ ಮೀನಿನ ಬುಟ್ಟಿ. ದಾರಿಯಲ್ಲಿ ಹಳೇ ಬಾವಿ, ಬಾವಿಯ ಮೇಲೆ ಬಾಗಿದ ಅರಳಿಮರ. ಮರದ ಕೆಳಗೆ ಬಂದಳು. ಅವಳ ರಬ್ಬರ್ ಚಪ್ಪಲಿಯ ಚಟ್... ಚಟ್... ಬಿಟ್ಟರೆ ಬೇರೆ ಸದ್ದೇ ಇಲ್ಲ.

ಅದೇ ಅವಳಿಗೆ ಸರಿ ಕಾಣಲಿಲ್ಲ. ವಿಹಾರದ ಹಿಂದೆ ಮೂವತ್ತು ನಾಯಿಗಳಿದ್ದವು. ಮೂವತ್ತೂ ಒಟ್ಟಿಗೆ ಬಾಯಿ ಮುಚ್ಚಿಕೊಂಡಿದ್ದನ್ನು ಅವಳು ಕಂಡೇ ಇರಲಿಲ್ಲ.

ಟಾರ್ಚಿನ ಬೆಳಕು ಬಾವಿಕಟ್ಟೆಯ ಮೇಲೆ ಬಿತ್ತು. ಅಲ್ಲಿ ಇದ್ದಿಲು ಕೂತಿತ್ತು.

ಇದ್ದಿಲು ಅಂದರೆ ಕರೀ ಬೆಕ್ಕು. ಎಡಗಿವಿಯ ತುದಿ ಕತ್ತರಿಸಿದೆ, ಆಪರೇಷನ್ ಆದ ಬೆಕ್ಕಿನ ಗುರುತು. ಲಮೈ ನಿಂತಲ್ಲೇ ನಿಂತಳು. ಒಂಬತ್ತು ಬೆಕ್ಕುಗಳನ್ನೂ ಎಣಿಸಿ, ದೊಡ್ಡಿಯೊಳಗೆ ಹಾಕಿ, ಬೀಗ ಜಡಿದು ಬಂದವಳು ಅವಳೇ. ಬೀಗದಕೈ ಇನ್ನೂ ಸೊಂಟದಲ್ಲಿತ್ತು. ಇರುವುದೇ ಒಂಬತ್ತು ಬೆಕ್ಕು.

ಇದ್ದಿಲು ಇಲ್ಲಿದ್ದರೆ... ಒಳಗೆ ಎಣಿಸಿದ ಒಂಬತ್ತನೆಯದು ಯಾವುದು?

ತಾಳಿ. ಸಂಜೆಯದ್ದನ್ನು ಹೇಳದೆ ಇದು ತಿಳಿಯುವುದಿಲ್ಲ.

ಸಾಕಲಾಗದ ಮರಿಗಳನ್ನು ಜನ ರಟ್ಟಿನ ಡಬ್ಬದಲ್ಲಿ ತಂದು ವಿಹಾರದ ಬಾಗಿಲಲ್ಲಿ ಇಡುತ್ತಾರೆ. ಇಟ್ಟು, ಬುದ್ಧನಿಗೆ ಕೈಮುಗಿದು, ಏನೋ ಪುಣ್ಯ ಗಳಿಸಿದವರ ಹಾಗೆ ಹೋಗುತ್ತಾರೆ. ಅವನ್ನೆಲ್ಲ ಹಿಂದಿನ ತಗಡಿನ ದೊಡ್ಡಿಯಲ್ಲಿ ಲಮೈ ಸಾಕುತ್ತಿದ್ದಳು, ಜೊತೆಗೆ ದೋಣಿ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದ ಮುದುಕ ಪ್ರಯೂನ್. ಸಂಬಳವಿಲ್ಲ, ಯಾರೂ ಹೇಳಿದ್ದಲ್ಲ. ಅವರಿಗಿಂತ ಮುಂಚೆ ಮೂವತ್ತು ವರ್ಷ ಆ ಬೆಕ್ಕುಗಳಿಗೆ ಅನ್ನ ಹಾಕಿದವಳು ಯೀಸುನ್ ಅಜ್ಜಿ. ಅಜ್ಜಿ ಚಮಚದ ಹಿಡಿಯಿಂದ ಮರದ ಕಂಬಕ್ಕೆ ಮೂರು ಸಲ ಬಡಿಯುತ್ತಿದ್ದಳು. ಟಕ್... ಟಕ್... ಟಕ್. "ಬನ್ನಿ, ಊಟಕ್ಕೆ ಬನ್ನಿ." ಯಾವ ಮಾಡಿನ ಮೇಲಿದ್ದರೂ ಬೆಕ್ಕುಗಳು ಇಳಿದು ಬರುತ್ತಿದ್ದವು. ಲಮೈ ಕಲಿತದ್ದೂ ಅದನ್ನೇ.

ಆ ಯೀಸುನ್ ಅಜ್ಜಿ ತೀರಿಹೋದಳು. ಪೆಟ್ಟಿಗೆ ನನ್ನದು. ತೇಗದ ಹಲಗೆ, ಎಂಟು ಮೊಳೆ. ಮೂರು ರಾತ್ರಿ ಪಠಣ, ನಾಲ್ಕನೇ ದಿನ ಬೆಂಕಿ ಎಂದು ಮಾತಾಗಿತ್ತು.

ಶವಮಂಟಪಕ್ಕೂ ದೊಡ್ಡಿಗೂ ನಡುವೆ ಒಂದೇ ಗೋಡೆ. ಅದಕ್ಕೇ ವಿಹಾರದ ದೊಡ್ಡ ಸ್ವಾಮಿಗಳು ಎರಡು ಕಟ್ಟುಪಾಡು ಮಾಡಿದ್ದರು. ಮಂಟಪದಲ್ಲಿ ಹೆಣವಿದ್ದಾಗ ಒಂದು ಬೆಕ್ಕೂ ಹೊರಗಿರಬಾರದು. ಕರೀ ಬೆಕ್ಕು ಪೆಟ್ಟಿಗೆ ದಾಟಿದರೆ ಮಲಗಿದ್ದು ಏಳುತ್ತದೆ, ನಿಮಗೆ ಗೊತ್ತಿರುವುದೇ. ಎರಡನೆಯದು, ಆ ದಿನಗಳಲ್ಲಿ ದೊಡ್ಡಿಯಲ್ಲಿ ಕಂಬ ಬಡಿಯಬಾರದು. ಹೊತ್ತು ಹೊತ್ತಿಗೆ ಮನೆಯವರು ಎಡೆ ಇಟ್ಟು, ಪೆಟ್ಟಿಗೆಗೆ ಮೂರು ಸಲ ಬಡಿದು, ಊಟಕ್ಕೆ ಬಾ ಎಂದು ಕರೆಯುತ್ತಾರಲ್ಲ. ಸತ್ತವರು ಆ ಬಡಿತಕ್ಕೇ ಕಾದಿರುತ್ತಾರೆ. ಯಾರ ಕೈ ಬಡಿಯಿತು, ಎಲ್ಲಿ ಬಡಿಯಿತು ಎಂದು ಅವರು ನೋಡುವುದಿಲ್ಲ.

ಊರ ಮುಖಂಡನಿಗೆ ಆ ದೊಡ್ಡಿಯ ಜಾಗದ ಮೇಲೆ ಕಣ್ಣು, ಕಾರು ನಿಲ್ಲಿಸಲು. ಸ್ವಾಮಿಗಳು ಲಮೈಗೆ ಮೊದಲೇ ಹೇಳಿದ್ದರು. "ನೋಡಮ್ಮ, ಒಂದು ಬೆಕ್ಕು ಮಂಟಪ ಹತ್ತಿದರೂ ಮಾರನೇ ದಿನ ಇವನ್ನೆಲ್ಲ ಒಯ್ಯೋ ಲಾರಿ ಬರುತ್ತೆ. ಆಮೇಲೆ ನನ್ನ ಮಾತು ನಡೆಯಲ್ಲ." ಆ ಲಾರಿ ಹತ್ತಿದ ನಾಯಿ ಬೆಕ್ಕು ವಾಪಸ್ ಬಂದದ್ದನ್ನು ಯಾರೂ ನೋಡಿಲ್ಲ. ಲಮೈಯ ದೊಡ್ಡಿಯಲ್ಲಿ ಇದ್ದವೋ, ಕುಂಟ, ಕುರುಡ, ಬಾಲವಿಲ್ಲದ್ದು. ಬೇರೆ ಯಾರು ಇಟ್ಟುಕೊಳ್ಳುತ್ತಾರೆ?

ಅವತ್ತು ಮೂರನೇ ಸಂಜೆ. ಒಂದು ಹೆಣ್ಣುನಾಯಿಗೆ ಹೆರಿಗೆ, ಮರಿ ಸಿಕ್ಕಿಹಾಕಿಕೊಂಡಿತ್ತು. ಲಮೈಯ ಕೈ ಮೊಣಕೈವರೆಗೆ ರಕ್ತ. ತಲೆಯೆತ್ತಿ ನೋಡುವಾಗ ಕತ್ತಲಾಗಿದೆ. ಮಂಟಪದ ಕಡೆಗೆ ಭಿಕ್ಕುಗಳು ಸಾಲಾಗಿ ಬರುತ್ತಿದ್ದಾರೆ. ಬೆಕ್ಕುಗಳು ಒಂದೂ ಒಳಗಿಲ್ಲ. ಒಂದೊಂದನ್ನೇ ಹುಡುಕಿ ಹಿಡಿಯಲು ಅರ್ಧ ಗಂಟೆ ಬೇಕು.

ಅವಳು ಚಮಚ ತಗೊಂಡಳು. ಹಿಡಿ ತಿರುಗಿಸಿದಳು. ಮೆತ್ತಗೆ... ಬಹಳ ಮೆತ್ತಗೆ...

ಟಕ್. ಟಕ್. ಟಕ್.

"ಬನ್ನಿ, ಊಟಕ್ಕೆ ಬನ್ನಿ."

ಬಂದವು. ದೊಡ್ಡಿಯ ಬಲ್ಬು ಸುಟ್ಟು ಎರಡು ದಿನವಾಗಿತ್ತು. ಬಂಗುಡೆ ಮೀನು ಕಲಸಿದ ಅನ್ನದ ಒಂಬತ್ತು ತಗಡಿನ ಬಟ್ಟಲು ಸಾಲಾಗಿತ್ತು, ಒಂಬತ್ತರ ಮೇಲೂ ಒಂದೊಂದು ತಲೆ ಬಗ್ಗಿತ್ತು. ಕೊನೆಯದು ಬೆಳ್ಳಗೆ, ತುಸು ದೊಡ್ಡದಾಗಿ ಕಂಡಿತು. ಬಿಳೀ ಬೆಕ್ಕು ಮೈ ತುಂಬಿಕೊಂಡಿದೆ ಎಂದುಕೊಂಡಳು. ಬೀಗ ಹಾಕಿದಳು. ಪಕ್ಕದ ಬೇಲಿಯೊಳಗೆ ನಾಯಿಗಳು ಅನ್ನ ಮುಟ್ಟಿರಲಿಲ್ಲ. ಬಾಲ ಕಾಲ ಸಂದಿಯಲ್ಲಿಟ್ಟು ಬೆಕ್ಕಿನ ಕೋಣೆ ಕಡೆ ಮುಖ ಮಾಡಿ ನಿಂತಿದ್ದವು. "ನಿಮಗೇನು ಬಂತು ರೋಗ?" ಎಂದು ಬೈದು, ಬಾಣಂತಿ ನಾಯಿಯ ಹತ್ತಿರ ಹೋದಳು.

ಈಗ ಬಾವಿಕಟ್ಟೆಗೆ ಬನ್ನಿ.

"ಇದ್ದಿಲು... ಬಾರೋ ಮರಿ... ಬಾ..." ಲಮೈ ಪಿಸುಗುಟ್ಟಿ ಬುಟ್ಟಿ ಮುಂದೆ ಹಿಡಿದಳು. ಥಪ್. ಅದು ಕಟ್ಟೆಯಿಂದ ಹಾರಿ ನೇರ ಮಂಟಪದ ಕಡೆ ನಡೆಯಿತು. ಓಡಲಿಲ್ಲ. ಮನೆಗೆ ಹೋಗುವ ಹಾಗೆ ನಡೆಯಿತು.

ಮಂಟಪದಲ್ಲಿ ಪಠಣ ಮುಗಿದು ಜನ ಹೋಗಿಯಾಗಿತ್ತು. ಹೆಣ ಕಾಯಲು ಕೂತವನು ಪ್ರಯೂನ್ ಒಬ್ಬನೇ. ಶೀಶೆ ಮುಚ್ಚಳಗಳನ್ನು ಹರಡಿಕೊಂಡು ತನ್ನ ಜೊತೆ ತಾನೇ ಪಗಡೆಯಂಥದ್ದೇನೋ ಆಡುತ್ತಿದ್ದ.

"ಪ್ರಯೂನಣ್ಣ... ಬೆಕ್ಕು."

"ಎಲ್ಲಿ?"

"ನಿನ್ನ ಹಿಂದೆ."

ಅವನು ತಿರುಗುವಷ್ಟರಲ್ಲಿ ಇದ್ದಿಲು ಪೆಟ್ಟಿಗೆಯ ಮೇಲಿತ್ತು. ದಾಟಲಿಲ್ಲ. ಎರಡು ಸುತ್ತು ಸುತ್ತಿ ಮುದುಡಿ ಮಲಗಿತು. ಕಣ್ಣು ಮುಚ್ಚಿತು. ಗುರ್ರ್... ಗುರ್ರ್...

"ಹೆಣದ ಮೇಲೆ ಬೆಕ್ಕು ಮಲಗುತ್ತಾ ಅಣ್ಣ?"

"ಮಲಗಲ್ಲ."

ಲಮೈ ತುದಿಗಾಲಲ್ಲಿ ಹೋದಳು. ಕತ್ತಿನ ಚರ್ಮ ಹಿಡಿದು ಎತ್ತಿದಳು. ಎತ್ತುವಾಗ ಮೊಣಕೈ ಪೆಟ್ಟಿಗೆಗೆ ತಾಗಿತು.

ಡೊಂಯ್...

ನೀರು ಬರಿದಾದ ಹಂಡೆಯ ಸದ್ದು. ಪ್ರಯೂನ್ ನಲವತ್ತು ವರ್ಷ ದೋಣಿಗೆ ಸರಕು ತುಂಬಿದವನು. ತುಂಬಿದ್ದು ಯಾವುದು ಖಾಲಿ ಯಾವುದು ಎಂದು ಸದ್ದಿನಲ್ಲೇ ಹೇಳುತ್ತಿದ್ದ. ಅವನು ಎದ್ದು ಬಂದು ಬೆರಳಗೆಣ್ಣಿನಿಂದ ಒಮ್ಮೆ ಕುಟ್ಟಿದ. ಡೊಂಯ್... ಆಮೇಲೆ ಪೆಟ್ಟಿಗೆಯ ಬುಡದಲ್ಲಿದ್ದ ಎಡೆ ನೋಡಿದ. ಪೊಟ್ಟಣ ಬಿಚ್ಚಿಯೇ ಇಲ್ಲ. ಅಜ್ಜಿಯ ಸೊಸೆ ಬಂದವರನ್ನು ಮಾತಾಡಿಸುವುದರಲ್ಲಿ ಅತ್ತೆಯ ಊಟ ಮರೆತಿದ್ದಳು.

"ಸೊಸೆ ಬಡಿದೇ ಇಲ್ಲ," ಎಂದ ಪ್ರಯೂನ್. "ನಿಜ ಹೇಳು ಲಮೈ. ಸಂಜೆ ದೊಡ್ಡೀಲಿ ನೀನು ಬಡಿದ್ಯಾ?"

"ಮೂರೇ ಸಲ ಅಣ್ಣ... ಮೆತ್ತಗೆ."

"ಬೆಕ್ಕು ಎಷ್ಟು ಎಣಿಸಿದೆ?"

"ಒಂಬತ್ತು."

ಅವನು ಅವಳ ಕೈಯಲ್ಲಿದ್ದ ಇದ್ದಿಲನ್ನು ನೋಡಿದ.

ದೊಡ್ಡಿಯ ಹತ್ತಿರ ಹೋದಾಗ ಒಳಗಿಂದ ಕೇಳಿತು. ಲಪ್... ಲಪ್... ಲಪ್... ಆಮೇಲೆ ಸಿಮೆಂಟಿನ ಮೇಲೆ ಬಟ್ಟಲು ಎಳೆಯುವ ಸದ್ದು. ಕರ್ರ್...

ಲಮೈ ಜಾಲರಿಯ ಮೂಲಕ ಟಾರ್ಚು ಬಿಟ್ಟಳು. ಮೇಲಿನ ಹಲಗೆಯ ಮೇಲೆ ಬೆಕ್ಕುಗಳು ಒತ್ತೊತ್ತಾಗಿ ಕೂತಿದ್ದವು. ರೋಮ ನಿಮಿರಿತ್ತು. ಎಣಿಸಿದಳು. ಎಂಟು. ಬಿಳಿಯದೂ ಅಲ್ಲೇ ಇತ್ತು.

ಬೆಳಕು ನಿಧಾನ ಕೆಳಗಿಳಿಯಿತು. ಮೂಲೆಯಲ್ಲಿ ಬೆಳ್ಳಗೆ ಏನೋ... ಬೆನ್ನು ತಿರುಗಿಸಿಕೊಂಡು... ಬಟ್ಟಲಿನ ಮೇಲೆ ಬಗ್ಗಿ...

ಟಾರ್ಚು ನೆಲ ನೋಡಿತು.

"ಮೇಲೆತ್ತು," ಎಂದ ಪ್ರಯೂನ್.

"ಎತ್ತಲ್ಲ."

"ಸ್ವಾಮಿಗಳನ್ನ ಎಬ್ಬಿಸಲಾ?"

"ಎಬ್ಬಿಸಿದ್ರೆ ಊರೆಲ್ಲ ಏಳುತ್ತೆ. ಬೆಳಗಾದ್ರೆ ಲಾರಿ." ಲಮೈ ಸೊಂಟದಿಂದ ಬೀಗದಕೈ ತೆಗೆದಳು. "ಇವುಗಳಲ್ಲಿ ಒಂದೂ ಉಳಿಯಲ್ಲ ಅಣ್ಣ. ಕರೆದವಳು ನಾನು. ನೀನು ಹೋಗಿ ಪೆಟ್ಟಿಗೆ ಬಡಿ. ಎಡೆ ಬಿಚ್ಚಿಡು. ಹೆಸರು ಹಿಡಿದು ಕರಿ."

"ನೀನು?"

"ಬೀಗ ತೆಗೀತೀನಿ."

"ತಲೆ ಕೆಟ್ಟಿದ್ಯಾ ನಿಂಗೆ?"

"ಹೋಗಣ್ಣ. ಮಾತಾಡಿಸ್ಬೇಡ."

ಅವನು ಹೋದ. ಅವಳು ಇದ್ದಿಲನ್ನು ಎದೆಗೆ ಒತ್ತಿಕೊಂಡು ಬೀಗ ತೆಗೆದಳು. ಬಾಗಿಲು ದೂಡಿದಳು. ಗೋಡೆಗೆ ಮುಖ ಮಾಡಿ ನಿಂತಳು.

ಗೋಡೆಯ ಆಚೆಯಿಂದ... ಟಕ್... ಟಕ್... ಟಕ್.

"ಯೀಸುನಕ್ಕಾ..." ಪ್ರಯೂನ್ ಕೂಗಿದ. "ಯೀಸುನಕ್ಕಾ, ಊಟಕ್ಕೆ ಬನ್ನಿ..."

ಒಳಗಿನ ಲಪ್ ಲಪ್ ನಿಂತಿತು.

ಆಮೇಲೆ ಬಟ್ಟೆ ನೆಲದ ಮೇಲೆ ಎಳೆದ ಹಾಗೆ... ಸರ್... ಸರ್... ಹೆಜ್ಜೆಯ ಸದ್ದಿಲ್ಲ. ಬಾಡಿದ ಮಲ್ಲಿಗೆಯ ವಾಸನೆ, ಆಸ್ಪತ್ರೆಯ ಮದ್ದಿನ ವಾಸನೆ, ಬಂಗುಡೆ ಮೀನಿನ ವಾಸನೆ. ಸರ್... ಸರ್... ಅವಳ ಬೆನ್ನ ಹಿಂದೆ ಬಂದು ನಿಂತಿತು.

ಲಮೈ ಕಣ್ಣು ಬಿಗಿಮುಚ್ಚಿದಳು. ಅವಳ ಭುಜದ ಪಕ್ಕದಿಂದ ತಣ್ಣನೆಯದೇನೋ ಹಾದು ಹೋಯಿತು. ಅವಳ ತೋಳಿನಲ್ಲಿದ್ದ ಇದ್ದಿಲಿನ ತಲೆ ಕೆಳಗೆ ಒತ್ತಿದ ಹಾಗಾಯಿತು... ಒಂದು ಸಲ... ಇನ್ನೊಂದು ಸಲ. ಬೆಕ್ಕು ಹೆದರಲಿಲ್ಲ. ಗುರ್ರ್... ಎಂದಿತು.

ಸರ್... ಸರ್... ದೂರವಾಯಿತು.

ಮೊದಲು ಒಂದು ನಾಯಿ ಬೊಗಳಿತು. ಆಮೇಲೆ ಮೂವತ್ತೂ. ಲಮೈ ಆಗ ಕಣ್ಣು ಬಿಟ್ಟು ಒಳಗೆ ನೋಡಿದಳು. ಎಂಟು ಬೆಕ್ಕು. ಇದ್ದಿಲನ್ನು ಒಳಗೆ ಬಿಟ್ಟಳು. ಒಂಬತ್ತು. ಬೀಗ ಹಾಕಿದಳು. ಗೋಡೆಯ ಆಚೆ ಪ್ರಯೂನ್ ಪೆಟ್ಟಿಗೆಗೆ ಮತ್ತೊಮ್ಮೆ ಬೆರಳಗೆಣ್ಣಿನಿಂದ ಕುಟ್ಟಿದ್ದು ಕೇಳಿಸಿತು.

ದಪ್.

ತುಂಬಿದ ಪೆಟ್ಟಿಗೆಯ ಸದ್ದು.

ಮಾರನೇ ದಿನ ಮಧ್ಯಾಹ್ನ ಊರೆಲ್ಲ ಸೇರಿತ್ತು. ಬೆಂಕಿಗೆ ಮುಂಚೆ ಮುಖಕ್ಕೆ ಎಳನೀರು ಬಿಡಬೇಕಲ್ಲ. ಮೊಳೆ ಕಿತ್ತವನು ನಾನು. ಎಂಟೂ ನಾನು ಹೊಡೆದ ಹಾಗೇ ಇದ್ದವು, ಒಂದರ ತಲೆಯೂ ತರಚಿರಲಿಲ್ಲ. ಮುಚ್ಚಳ ಸರಿಸಿದೆ. ಅಜ್ಜಿ ಇದ್ದಳು. ಆದರೆ ಎರಡು ಕೈ ಜೋಡಿಸಿ ಕಟ್ಟಿದ್ದ ಬಿಳಿ ದಾರ ಇರಲಿಲ್ಲ. ಬೆರಳ ತುದಿಯಲ್ಲಿ ಅನ್ನದ ಅಗುಳು ಒಣಗಿತ್ತು. ಉಗುರ ಸಂದಿಯಲ್ಲಿ ಬಂಗುಡೆ ಮೀನಿನ ಚೂರು.

ಸೊಸೆ ನೋಡಿ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮುಖಂಡ ಕತ್ತು ಚಾಚಿ "ಏನು, ಏನದು?" ಎಂದ. ದೊಡ್ಡ ಸ್ವಾಮಿಗಳು ಆ ಬೆರಳುಗಳನ್ನು ನೋಡಿದರು. ಗುಂಪಿನ ಹಿಂದೆ ನಿಂತ ಲಮೈಯನ್ನು ನೋಡಿದರು. ಬಹಳ ಹೊತ್ತು ನೋಡಿದರು. ಲಮೈಗೆ ಲಾರಿಯ ಸದ್ದು ಕಿವಿಯಲ್ಲೇ ಕೇಳುತ್ತಿತ್ತಂತೆ.

"ಏನಿಲ್ಲ," ಎಂದರು ಸ್ವಾಮಿಗಳು. "ಅಜ್ಜಿ ಹೊಟ್ಟೆ ತುಂಬ ಉಂಡಿದ್ದಾಳೆ." ಎಳನೀರು ಬಿಟ್ಟರು. ಮೊದಲು ಕೈಗೆ, ಆಮೇಲೆ ಮುಖಕ್ಕೆ.

ಲಾರಿ ಬರಲಿಲ್ಲ. ದೊಡ್ಡಿ ಈಗಲೂ ಅಲ್ಲೇ ಇದೆ, ಬೇಕಾದರೆ ನಾಳೆ ನೋಡಿ. ಪ್ರಯೂನನ ಪೆಟ್ಟಿಗೆಯೂ ನಾನೇ ಮಾಡಿದೆ. ಲಮೈ ಮಗಳ ಊರು ಸೇರಿದಳು.

ಹೋಗುವ ಮುಂಚೆ ಒಂದು ಮಾತು ಹೇಳಿದಳು. ಆವತ್ತು ಬೆಳಿಗ್ಗೆ ಬೀಗ ತೆಗೆದು ಬಟ್ಟಲು ತೊಳೆಯಲು ಹೋದಳಂತೆ. ಎಂಟು ಬಟ್ಟಲು ಅಲ್ಲಲ್ಲಿ ಬಿದ್ದಿದ್ದವು, ಮುಸುರೆ ಮೆತ್ತಿಕೊಂಡು. ಒಂಬತ್ತನೆಯದು ಮಾತ್ರ ತೊಳೆದು ಬೋರಲು ಹಾಕಿತ್ತು. ಎತ್ತಿ ನೋಡಿದರೆ ಕೆಳಗೆ ಬಿಳಿ ದಾರ. ಬೆಕ್ಕಿಗೆ ಆಡಲು ಸುತ್ತಿ ಕೊಡುತ್ತಾರಲ್ಲ, ಹಾಗೆ ಉಂಡೆ ಸುತ್ತಿತ್ತು.

ನಡೆದದ್ದು ಇಷ್ಟು. ಒಂದು ಮಾತೂ ನಾನು ಸೇರಿಸಿಲ್ಲ.

ನೂಡಲ್ಸ್ ಗಾಡಿಯ ಸಂಪಾವ್ ಕತ್ತಲಲ್ಲೇ ತನ್ನ ಬಟ್ಟಲುಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು. ಕಣ್... ಕಣ್... ನಿಲ್ಲಿಸಿದಳು.

"ಅಜ್ಜಾ, ಆ ಪೆಟ್ಟಿಗೆ ಯಾರದ್ದು ಅಂದ್ರಿ?"

"ನಂದೇ. ತೇಗ. ಎಂಟು ಮೊಳೆ."

"ನಿಮ್ಮ ಪೆಟ್ಟಿಗೆಯಿಂದ ಒಬ್ಬರೂ ಎದ್ದು ಬಂದಿಲ್ಲ ಅಂದ್ರಲ್ಲ, ಆಗ?"

ನಾನು ಭುಜ ಕುಣಿಸಿದೆ.

"ಬಂದಳು," ಎಂದೆ. "ದೂರು ಹೇಳಲಿಲ್ಲವಲ್ಲ."